ಕಲ್ಲಿಗೆ ಕ್ಯಾಬೇಜ್, ಅಜ್ಜಿಗೆ ಎಲ್ವುಡ್

ಅಜ್ಜನ ಸಮಾಧಿಕಲ್ಲಿನ ಮೇಲೆ ಯಾವ ಹೆಸರು ಕೆತ್ತಲಿ ಎಂದು ಕಲ್ಲುಕುಟಿಗ ಕೇಳಿದ. ನಾನು ಅಜ್ಜಿಯ ಮುಖ ನೋಡಿದೆ.

ಬೇಸ್‌ಬಾಲ್ ಆಡುತ್ತಿದ್ದ ಕಾಲದಲ್ಲಿ ಅಜ್ಜ ಬಿಸಿಲಿಗೆಂದು ಟೋಪಿಯೊಳಗೆ ಒದ್ದೆ ಕ್ಯಾಬೇಜ್ ಎಲೆ ಇಟ್ಟುಕೊಳ್ಳುತ್ತಿದ್ದನಂತೆ. ಒಮ್ಮೆ ಓಡುವಾಗ ಟೋಪಿ ಹಾರಿಹೋಯಿತು, ಎಲೆ ಮಾತ್ರ ನೆತ್ತಿಗೆ ಅಂಟಿಕೊಂಡೇ ಇತ್ತು. ಅಂದಿನಿಂದ ಅಯೋವಾದ ನಮ್ಮೂರಿಗೆಲ್ಲ ಅವನು ಕ್ಯಾಬೇಜ್. ಅಜ್ಜಿಯೊಬ್ಬಳೇ ಐವತ್ತು ವರ್ಷ ಅವನ ನಿಜವಾದ ಹೆಸರು ಹಿಡಿದು ಎಲ್ವುಡ್ ಎಂದು ಕರೆದಳು.

"ಕ್ಯಾಬೇಜ್ ಅಂತ್ಲೇ ಬರಿಯಪ್ಪ," ಎಂದಳು ಅಜ್ಜಿ.

"ತರಕಾರಿ ಅಂಗಡಿ ಅನ್ಕೋತಾರಲ್ಲಮ್ಮ," ಎಂದ ಕಲ್ಲುಕುಟಿಗ.

"ಅನ್ಕೊಳ್ಲಿ ಬಿಡು. ದಿನಾ ಆ ಎಲೆ ನೆನೆಸಿ ಕೊಡ್ತಿದ್ದೋಳು ನಾನೇ. ಊರಿಟ್ಟ ಹೆಸರು ಊರಿಗೇ ಇರ್ಲಿ. ಎಲ್ವುಡ್ ನನ್ನ ಹತ್ರ ಇರ್ಲಿ."

ನನಗೆ ಅಳು ಬರಲಿಲ್ಲ. ಕಲ್ಲುಕುಟಿಗ ಕ್ಯಾಬೇಜ್ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದನ್ನು ನೋಡುತ್ತ ಕೂತೆ.