ಮನಿಗೊಂದು ಏಟು

ಕಲ್ಲಕುಂಟಿಯಲ್ಲಿ ಕಳ್ಳ ಸಿಕ್ಕರೆ ಫೌಜದಾರರಿಗೆ ಹೇಳಿ ಕಳಿಸುವುದು ಆಮೇಲಿನ ಮಾತು. ಮೊದಲು ಚಾವಡಿಯ ತೊಲೆಗೆ ತೂಗುಹಾಕಿದ್ದ ಊರಕೋಲು ಕೆಳಗಿಳಿಯುತ್ತಿತ್ತು. ಮುಗದದ ಸ್ಟೇಶನ್ನಿನಿಂದ ಎರಡು ಹರದಾರಿ ಒಳಗಿನ ಊರು ಅದು. ಧಾರವಾಡದ ಪೊಲೀಸರು ಬಂದು ಮುಟ್ಟುವಷ್ಟರಲ್ಲಿ ಕಳ್ಳನಿಗೆ ಮೊಮ್ಮಕ್ಕಳಾಗಿರುತ್ತವೆ ಎಂದು ಜನ ನಗುತ್ತಿದ್ದರು. ನಗುವವರೇ ಕೋಲನ್ನೂ ಇಳಿಸುವವರು.

ಮುಂಗೈ ದಪ್ಪದ ಜಾಲಿಯ ಕೋಲು. ಅದಕ್ಕೊಂದು ರಿವಾಜು ಇತ್ತು. ಮೊದಲ ಏಟು ಪೊಲೀಸ ಪಾಟೀಲನ ಮನೆಯದು. ಎರಡನೆಯದು ನೊಂದವರ ಮನೆಯದು. ಅಲ್ಲಿಂದ ಮೇಲಿನ ಓಣಿಯಿಂದ ಕೆಳಗಿನ ಓಣಿಯವರೆಗೆ ಕೈಯಿಂದ ಕೈಗೆ ಕೋಲು ದಾಟುತ್ತ ಮನೆಗೊಂದು ಏಟು. ಯಾರ ಏಟಿಗೆ ಜೀವ ಹೋಯಿತೆಂದು ಶಿವನಿಗೂ ತಿಳಿಯಬಾರದು. ಆಮೇಲೆ ಫೌಜದಾರರು ಬಂದು ಕೇಳಿದರೆ ಊರಿಗೆ ಊರೇ, "ನಾವು ಹೊಲದಾಗ ಇದ್ವಿರಿ" ಎನ್ನುತ್ತಿತ್ತು. ಬಾಯಿ ಬಿಡುವವನು ತನ್ನ ಮನೆಯ ಏಟಿನಿಂದಲೇ ಶುರು ಮಾಡಬೇಕಲ್ಲ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಳ್ಳುವವರು ಯಾರು? ಇದಕ್ಕೆ ಅವರು ಬಂದೋಬಸ್ತು ಎಂದು ಹೆಸರಿಟ್ಟಿದ್ದರು. ನನ್ನನ್ನು ಕೇಳಿದ್ದರೆ ಬೇರೆ ಹೆಸರು ಹೇಳುತ್ತಿದ್ದೆ, ಆದರೆ ನನ್ನನ್ನು ಯಾರು ಕೇಳುತ್ತಾರೆ?

ಹತ್ತೊಂಬತ್ತುನೂರಾ ಮೂವತ್ತೈದರ ಆಸುಪಾಸಿನ ಮಾತು. ಆಗ ಪೊಲೀಸ ಪಾಟೀಲ ನೀಲಕಂಠಪ್ಪ. ಕೆಟ್ಟವನೇನಲ್ಲ, ಅಂಜುಬುರುಕ. ಅಂಜುಬುರುಕನ ಕೈಯಲ್ಲಿ ಅಧಿಕಾರ ಇದ್ದರೆ ಕೆಟ್ಟವನೇ ವಾಸಿ ಅನ್ನಿಸುವಷ್ಟು ಅಂಜುಬುರುಕ. ಅಪ್ಪನ ಕಾಲದಿಂದ ಬಂದ ಪಾಟೀಲಕಿ, ಅದರ ಜೊತೆಗೆ ಒಂದು ಸರಕಾರಿ ಬಂದೂಕು. ಮಹಾನವಮಿಗೆ ಊರವರೆಲ್ಲ ಬಂದು ಅದರ ಹಿಡಿಕೆಯ ಹಿತ್ತಾಳೆ ಪಟ್ಟಿಗೆ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದರು. ಆ ಪಟ್ಟಿಯ ಮೇಲೆ ಅವನಪ್ಪನ ಹೆಸರು ಕೊರೆದಿತ್ತು.

ಆ ವರ್ಷ ಹತ್ತಿ ಹೊಲದಲ್ಲಿ ಕಾಡುಹಂದಿ ಹೊಡೆಯಲು ಹೋದ ನೀಲಕಂಠಪ್ಪ ಎಡವಿ ಬಿದ್ದ. ಬಂದೂಕು ಬಂಡೆಗೆ ಬಡಿದು ಗುಂಡು ಸಿಡಿಸುವ ಕುದುರೆ ಮುರಿಯಿತು. ಸರಕಾರಕ್ಕೆ ತಿಳಿಸಿದರೆ ಚೌಕಶಿ ಆಗುತ್ತದೆ, ಪಾಟೀಲಕಿಗಾಗಿ ಬಾಯಿ ತೆರೆದು ಕೂತ ದಾಯಾದಿಗೆ ಹಬ್ಬವಾಗುತ್ತದೆ. ಅವನು ಯಾರಿಗೂ ಹೇಳದೆ ನಳಿಗೆಯನ್ನೂ ಕೀಲನ್ನೂ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿಕೊಂಡು ಹುಬ್ಬಳ್ಳಿಯ ರೈಲು ಹತ್ತಿದ. ಬೆಂಗೇರಿಯಲ್ಲಿ ಅಬ್ದುಲಮಜೀದ ಎಂಬ ಹುಡುಗ, ಇನ್ನೂ ಮದುವೆಯಾಗದವನು, ಕೀಲಿ-ಬಂದೂಕು ರಿಪೇರಿಯ ಅಂಗಡಿ ಇಟ್ಟಿದ್ದ. ಅವನ ಕೈಗೆ ಕೊಟ್ಟು, "ಆದಮ್ಯಾಲೆ ನೀನ ತಗೊಂಡ ಬಾ. ರಸ್ತಾದಾಗ ಬರಬ್ಯಾಡ, ಹಳ್ಳದ ದಾರಿ ಹಿಡಿ. ಯಾರರ ಕಂಡ್ರ ಕಂಟೀ ಮರೀಗೆ ಕೂಡು. ನನ್ನ ಹೆಸರ ಎತ್ತಬ್ಯಾಡ" ಎಂದು ಹೇಳಿ ಬಂದ. ಮನೆಯಲ್ಲಿ ಉಳಿದ ಕಟ್ಟಿಗೆಯ ಹಿಡಿಕೆಯನ್ನು ಹೆಂಡತಿ ಸಂಗವ್ವ ಜೋಳದ ಕಣಜದಲ್ಲಿ ಹೂತಿಟ್ಟಳು. ಇದು ಅವರಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

ಹತ್ತಿ ವ್ಯಾಪಾರಿ ಶಾಂತಯ್ಯನ ಮನೆಗೆ ದರೋಡೆಕೋರರು ನುಗ್ಗಿದ್ದು ದೀಪ ಹಚ್ಚುವ ಹೊತ್ತಿಗೆ. ಊರ ವಾಲೀಕಾರ, ಅಂದರೆ ಊರು ಕಾಯುವ ಆಳು, ಗುಡ್ಡಪ್ಪ. ಹಲಗೆ ಬಡಿಯುತ್ತ ಮೊದಲು ಓಡಿದ್ದು ಪಾಟೀಲನ ಬಾಗಿಲಿಗೆ.

"ಪಾಟೀಲ್ರ, ಬಂದೂಕ ತಗೊಂಡ ಲಗೂ ಬರ್ರಿ. ನಾ ಮುಂದ ಹೊಕ್ಕೇನಿ."

"ನೀ ನಡಿ, ಬಂದೆ," ಎಂದು ನೀಲಕಂಠಪ್ಪ ಒಳಗಿನಿಂದ ಕೂಗಿದ.

ಅಷ್ಟು ಸಾಕಾಯಿತು ಗುಡ್ಡಪ್ಪನಿಗೆ. ಶಾಂತಯ್ಯನ ತಲೆಬಾಗಿಲಿಗೆ ಅಡ್ಡ ನಿಂತು, ಕೊಡಲಿ ಎತ್ತಿ ಹಿಡಿದು, "ಹಿಂದ ಬಂದೂಕ ಬರಾಕತ್ತೈತಿ, ಬಿಟ್ಟ ನಡೀರಿ," ಅಂದ. ಕಳ್ಳರು ಒಂದು ಗಳಿಗೆ ನಿಂತು ಕೇಳಿದರು. ಬಂದೂಕಿನ ಸಪ್ಪಳ ಇಲ್ಲ. ಮೊದಲು ಕೊಡಲಿ ಹಿಡಿದ ಕೈ ಕಡಿದರು, ಆಮೇಲೆ ಕುತ್ತಿಗೆ. ಶಾಂತಯ್ಯನ ಹೆಂಡತಿಯ ಕಿವಿಯ ಬೆಂಡೋಲೆಯನ್ನು ಬಿಚ್ಚುವ ಪುರಸೊತ್ತಿಲ್ಲದೆ ಕಿವಿ ಸಮೇತ ಹರಿದುಕೊಂಡು ಹೋದರು. ಕಣಜಕ್ಕೆ ಬೆನ್ನು ಕೊಟ್ಟು ನಿಂತಿದ್ದ ನೀಲಕಂಠಪ್ಪ ಎಲ್ಲ ಮುಗಿದ ಮೇಲೆ ಹೊರಗೆ ಬಂದ. ಕೆರೆಯ ಕಡೆ ಅಡ್ಡಗಟ್ಟಲು ಹೋಗಿದ್ದೆ ಎಂದ. ಗುಡ್ಡಪ್ಪನ ಹೆಂಡತಿ ಹುಲಿಗೆವ್ವ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅವಳು ಪಾಟೀಲನ ಮುಖ ನೋಡಿದಳು.

ಮರುದಿನ ಮಧ್ಯಾಹ್ನ ಗುಡ್ಡಪ್ಪನನ್ನು ಮಣ್ಣು ಮಾಡಿ ಜನ ಹಳ್ಳದ ದಂಡೆಯಲ್ಲಿ ಕಾಲು ತೊಳೆಯುತ್ತಿದ್ದಾಗ, ಬರಲು ಆ ದಿನವೇ ಸಿಕ್ಕಿತ್ತೋ ಎಂಬಂತೆ, ಅಬ್ದುಲಮಜೀದ ಬಂದ. ಪಾಪದ ಹುಡುಗ, ಹೇಳಿದ್ದನ್ನು ಹೇಳಿದಂತೆ ಮಾಡಿದ. ಜನ ಕಂಡರು, ಕಂಟಿಯ ಮರೆಗೆ ಕೂತ. ಕೂತದ್ದನ್ನು ಶಾಂತಯ್ಯ ನೋಡಿದ. ಎಳೆದು ಚೀಲ ಕೊಡವಿದರೆ ತುಕ್ಕು ತೆಗೆದು ಎಣ್ಣೆ ಹಚ್ಚಿದ ಬಂದೂಕಿನ ನಳಿಗೆ, ಹೊಸ ಕುದುರೆ ಕೂರಿಸಿದ ಕೀಲು. ಹೊಸದರಂತೆ ಹೊಳೆಯುತ್ತಿದ್ದ ಅದನ್ನು ಯಾರೂ ಗುರುತಿಸಲಿಲ್ಲ. ಚಾವಡಿಯವರೆಗೆ ಕಾಲು ಹಿಡಿದು ಎಳೆದುಕೊಂಡು ಹೋದರು. ಬೆನ್ನಿನ ಅಂಗಿ ದಾರಿಯಲ್ಲೇ ಹರಿದು ಉಳಿಯಿತು.

"ಯಾರ ಬಂದೂಕಲೇ ಇದು?" ಎಂದು ಶಾಂತಯ್ಯ ಎದೆಗೆ ಒದ್ದು ಕೇಳಿದ.

ಹುಡುಗ ತನ್ನ ಊರು ಬೆಂಗೇರಿ ಎಂದಷ್ಟೇ ಹೇಳಿ, ಕೊಟ್ಟ ಮಾತಿಗೆ ಕಟ್ಟುಬಿದ್ದು ತುಟಿ ಬಿಗಿಹಿಡಿದ. ಕಂಬಕ್ಕೆ ಕಟ್ಟಿದರು, ಆಗಲೂ ಹೇಳಲಿಲ್ಲ. ಅಷ್ಟರಲ್ಲಿ ಗುಂಪು ಸರಿದು ನೀಲಕಂಠಪ್ಪ ಒಳಗೆ ಬಂದ. ಅವನನ್ನು ಕಂಡದ್ದೇ ಹುಡುಗನಿಗೆ ಹೋದ ಜೀವ ಬಂದಂತಾಯಿತು.

"ಪಾಟೀಲ್ರ, ನೀವ ಹೇಳ್ರಿ ಇವರಿಗೆ," ಅಂದ.

ಎಲ್ಲರೂ ತಿರುಗಿ ನೋಡಿದರು. 'ನನ್ನದು' ಎಂಬ ಒಂದು ಮಾತು ಸಾಕಿತ್ತು, ಹಗ್ಗ ಬಿಚ್ಚುತ್ತಿದ್ದರು. ಆದರೆ ಆ ಮಾತು ಹೊರಬಿದ್ದರೆ ಪಾಟೀಲಕಿ ಹೋಗುತ್ತದೆ. ಪಾಟೀಲಕಿ ಹೋದರೆ ಹೋಗಲಿ, ಎದುರಿಗೇ ಹುಲಿಗೆವ್ವ ನಿಂತಿದ್ದಾಳೆ, ನಿನ್ನೆ ಬಂದೂಕು ಎಲ್ಲಿತ್ತು ಎಂದು ಕೇಳುತ್ತಾಳೆ. ಹೇಡಿಯ ಕೈ ಬಾಯಿಗಿಂತ ಮುಂದೆ ಓಡುತ್ತದೆ. ನೀಲಕಂಠಪ್ಪ ತೊಲೆಯಿಂದ ಕೋಲು ಕಿತ್ತುಕೊಂಡ.

"ಈ ಮಗನ್ನ ನಾ ಕಣ್ಣಿಲೆ ನೋಡಿಲ್ಲ," ಎಂದು ಸೀದಾ ಬಾಯಿಯ ಮೇಲೆಯೇ ಹೊಡೆದ. ಹಲ್ಲು ಉದುರಿದವು. ಇನ್ನು ಆ ಬಾಯಿಂದ ತನ್ನ ಹೆಸರು ಬರಬಾರದು, ಅದೇ ಅವನಿಗೆ ಬೇಕಿತ್ತು.

ಕೋಲು ಹುಲಿಗೆವ್ವನ ಕೈಗೆ ಬಂತು. ಹೆಂಗಸರು ಚಾವಡಿಯ ಮೆಟ್ಟಿಲು ಹತ್ತುವ ರೂಢಿ ಇಲ್ಲ, ನೊಂದವರ ಮನೆಗೆ ಮಾತ್ರ ಆ ಹಕ್ಕು. ಅವಳು ಎರಡೂ ಕೈಯಿಂದ ಎತ್ತಿ, ಗಂಡನ ಕೈ ಕಡಿದಿದ್ದ ಕಡೆಗೇ, ಬಲದೋಳಿಗೆ ಹೊಡೆದಳು. ಎಲುಬು ಮುರಿದ ಸಪ್ಪಳ ಹಿಂದೆ ನಿಂತವರಿಗೂ ಕೇಳಿತು. ಆಮೇಲೆ ಶಾಂತಯ್ಯ, ಪಕ್ಕೆಗೆ. ಆಮೇಲೆ ಮೇಲಿನ ಓಣಿ. ಒಬ್ಬೊಬ್ಬರು ಬರುವುದು, ಸೆಲ್ಲೆ ಹೆಗಲಿಗೆ ಹಾಕಿಕೊಳ್ಳುವುದು, ಹೊಡೆಯುವುದು, ಕೋಲು ದಾಟಿಸುವುದು. ಮದುವೆಯಲ್ಲಿ ಅಕ್ಷತೆ ಹಾಕಲು ಸಾಲು ನಿಂತಂತೆ ನಿಂತಿದ್ದರು. ಒಬ್ಬ ಮುದುಕ ಕೋಲು ಎತ್ತಲಾರದೆ ಮಗನಿಂದ ಕೈ ಹಿಡಿಸಿಕೊಂಡು ಹೊಡೆದ. ಹುಡುಗ ಮೊದಮೊದಲು ಅಮ್ಮನನ್ನು ಕರೆಯುತ್ತಿದ್ದ. ನಡು ಓಣಿಯ ಮನೆಗಳು ಮುಗಿಯುವಷ್ಟರಲ್ಲಿ ಕರೆಯುವುದನ್ನು ನಿಲ್ಲಿಸಿದ.

ಇತ್ತ ಸಂಗವ್ವ ಹಿತ್ತಲಲ್ಲಿ ಕುಳ್ಳು ಬಡಿಯುತ್ತಿದ್ದಳು. ಚಾವಡಿಯ ಕಡೆಯ ಗದ್ದಲ ಕೇಳಿ ಬೇಲಿಯಾಚೆ ಓಡುತ್ತಿದ್ದ ನೆರೆಮನೆಯ ಕಾಶೀಬಾಯಿಯನ್ನು ನಿಲ್ಲಿಸಿ ಕೇಳಿದಳು.

"ಕಳ್ಳ ಸಿಕ್ಕಾನಂತವ್ವಾ. ಬೆಂಗೇರಿ ಸಾಬರ ಹುಡುಗ. ಚೀಲದಾಗ ಬಂದೂಕಿನ ನಳಿಗಿ ಇತ್ತಂತ. ನಿಮ್ಮ ಮನಿಯವರ ಮೊದಲನೇದ ಹಾಕಿದ್ರು."

ಸಂಗವ್ವ ಸಗಣಿಯ ಕೈಯಲ್ಲೇ ಕಣಜಕ್ಕೆ ಇಳಿದು ಜೋಳ ಬಾಚಿ ಹಿಡಿಕೆ ಎಳೆದಳು. ನಿನ್ನೆ ಗುಡ್ಡಪ್ಪ ಬಾಗಿಲು ಬಡಿದಾಗ ತಾನೂ ಒಳಗೇ ಇದ್ದೆ, ಬಂದೂಕು ಇಲ್ಲ ಎಂದು ತಾನಾದರೂ ಹೇಳಿದ್ದರೆ ಅವನು ಹಾಗೆ ಎದೆಗೊಟ್ಟು ನಿಲ್ಲುತ್ತಿರಲಿಲ್ಲ ಎಂದು ರಾತ್ರಿಯೆಲ್ಲ ಅವಳು ತನ್ನನ್ನೇ ಬೈದುಕೊಂಡಿದ್ದಳು. ಇಂದು ಇನ್ನೊಂದು ಜೀವ. ತಲೆಯ ಸೆರಗು ಜಾರಿದ್ದೂ ತಿಳಿಯದೆ ಓಡಿದಳು.

ಚಾವಡಿಯಲ್ಲಿ ಕೋಲು ಕಟ್ಟಕಡೆಯ ಮನೆಗೆ ಬಂದಿತ್ತು. ಅದು ಚಕ್ಕಡಿಯ ಗಾಲಿ ಮಾಡುವ ಖಾಜಾಸಾಬನ ಮನೆ. ಊರಿನಲ್ಲಿ ಸಾಬರದು ಅದೊಂದೇ ಮನೆ. ಅವನು ಕೋಲು ಹಿಡಿದು ಸುಮ್ಮನೆ ನಿಂತ.

"ನಿಮ್ಮಾಂವ ಅಂತ ಕರಳು ಚುರುಕ್ ಅಂತೇನೋ?" ಎಂದು ಶಾಂತಯ್ಯ ಚುಚ್ಚಿದ.

"ಕರಳು ಎಲ್ಲಾರಿಗೂ ಇರತೈತ್ರಿ ಅಪ್ಪಾರ. ಸಾಯೂ ಮನಷ್ಯಾಗ ಒಂದ ಗುಟಕ ನೀರ ಕೊಡತೇನಿ. ಆಮ್ಯಾಲೆ ನೀವು ಹೇಳಿದಂಗ."

ಬೈಗುಳ ಬಿದ್ದವು. ಖಾಜಾಸಾಬ ಕೋಲನ್ನು ಹುಲಿಗೆವ್ವನ ಕಾಲ ಬಳಿ ಇಟ್ಟು, ಮನೆಗೆ ಹೋಗಿ ತಂಬಿಗೆ ತಂದು, ಹುಡುಗನ ಒಡೆದ ತುಟಿಗೆ ಹಿಡಿದ. ನೀರು ಒಳಗೆ ಹೋದದ್ದಕ್ಕಿಂತ ಕೆಂಪಗಾಗಿ ಹೊರಗೆ ಬಂದದ್ದೇ ಹೆಚ್ಚು. ಆಗ ಸಂಗವ್ವ ಮೆಟ್ಟಿಲು ಹತ್ತಿದಳು.

ಅವಳು ಕಟ್ಟೆಯ ಮೇಲಿದ್ದ ಕೀಲನ್ನೂ ನಳಿಗೆಯನ್ನೂ ಎತ್ತಿ ಹಿಡಿಕೆಗೆ ಕೂರಿಸಿ ಒತ್ತಿದಳು. ಖಟ್ ಎಂದು ಕೂತುಕೊಂಡಿತು. ಮಹಾನವಮಿಯ ಕುಂಕುಮ ಇನ್ನೂ ಆ ಹಿತ್ತಾಳೆಯ ಸಂದಿನಲ್ಲಿ ಉಳಿದಿತ್ತು. ಅದನ್ನು ಹಚ್ಚಿದ ಕೈಗಳೆಲ್ಲ ಅಲ್ಲಿಯೇ ಇದ್ದವು.

ಹುಲಿಗೆವ್ವನೇ ಮೊದಲು ಬಾಯಿ ತೆರೆದಳು.

"ನಿನ್ನಿ ಸಂಜೀಕ ಬಂದೂಕ ಎಲ್ಲಿತ್ರಿ ಪಾಟೀಲ್ರ?"

ನೀಲಕಂಠಪ್ಪ ಹೆಂಡತಿಯ ಕಡೆ ನೋಡಿದ. ಸಂಗವ್ವ ಹೇಳಿದಳು, "ಬೆಂಗೇರ್ಯಾಗ ಇತ್ತು ಹುಲಿಗೆವ್ವ. ರಿಪೇರಿಗೆ ಕೊಟ್ಟಿದ್ವಿ. ನಿನ್ನ ಗಂಡ ಬಾಗಲಾ ಬಡದಾಗ ನಮ್ಮ ಮನ್ಯಾಗ ಬಂದೂಕ ಇದ್ದಿದ್ದಿಲ್ಲ."

ಆಮೇಲೆ ನಡೆದದ್ದನ್ನು ಊಹಿಸಲು ಬುದ್ಧಿವಂತರೇನೂ ಬೇಡ. ಈಗಷ್ಟೇ ಹೊಡೆದ ಕೈಗಳು ಇನ್ನೂ ಬಿಸಿಯಾಗಿದ್ದವು. ಪಾಟೀಲನ ರುಮಾಲು ಹಾರಿತು, ಕೊರಳಪಟ್ಟಿ ಹಿಡಿದು ಅದೇ ಕಂಬಕ್ಕೆ ಒತ್ತಿದರು. ಆದರೆ ರಿವಾಜು ರಿವಾಜೇ. ಪಾಟೀಲನ ಮನೆಯ ಏಟು ಬೀಳದೆ ಬೇರೆಯವರ ಏಟು ಬೀಳುವಂತಿಲ್ಲ. ಹುಲಿಗೆವ್ವ ರಕ್ತ ಹತ್ತಿದ ಕೋಲನ್ನು ಎತ್ತಿ ಸಂಗವ್ವನ ಮುಂದೆ ಹಿಡಿದಳು.

"ಹಾಕವ್ವಾ. ನಿಮ್ಮ ಮನಿದು ಮೊದಲು."

ಸಂಗವ್ವ ಕೋಲು ತೆಗೆದುಕೊಂಡಳು. ಕಂಬಕ್ಕೆ ಒರಗಿ ಕೈಮುಗಿಯುತ್ತಿದ್ದ ಗಂಡನನ್ನು ನೋಡಿದಳು. ಅವನ ಮೇಲೆ ಅವಳಿಗೆ ಬಂದಷ್ಟು ಸಿಟ್ಟು ಅಲ್ಲಿ ಯಾರಿಗೂ ಬಂದಿರಲಿಲ್ಲ. ಹೊಡೆಯಬೇಕೆಂದು ಕೈ ತುಡಿಯಿತು. ಅವಳು ಆ ಕೋಲನ್ನು ನೆಲಕ್ಕಿಟ್ಟು ಅದರ ಮೇಲೆ ಕೂತುಬಿಟ್ಟಳು.

"ಇದು ಇನ್ನ ಏಳಂಗಿಲ್ಲ," ಅಂದಳು. "ಎಬ್ಬಸ್ತೀವಿ ಅನ್ನೋರು ಮೊದಲ ನನ್ನ ಹೊಡೀರಿ. ಅದಕ್ಕೂ ಪಾಟೀಲರ ಮನಿ ಏಟ ಬೇಕು, ಯಾರ ಹಾಕತೀರಿ ನೋಡತೇನಿ."

ಯಾರೂ ಮುಂದೆ ಬರಲಿಲ್ಲ. ಖಾಜಾಸಾಬ ಹಗ್ಗ ಬಿಚ್ಚಿ ಹುಡುಗನನ್ನು ತನ್ನ ತೊಡೆಯ ಮೇಲೆ ಮಲಗಿಸಿಕೊಂಡ. ಬಿಸಿಲು ಇಳಿಯುವ ಮೊದಲೇ ಅಬ್ದುಲಮಜೀದನ ಉಸಿರು ನಿಂತಿತು.

ಗುಡ್ಡಪ್ಪನ ಖೂನಿಯ ವರದಿ ಹಿಡಿದು ಹೊರಟ ಫೌಜದಾರರು ಬಂದದ್ದು ಮರುದಿನ ಮುಂಜಾನೆ. ಒಂದು ಹೆಣಕ್ಕೆಂದು ಬಂದವರಿಗೆ ಇನ್ನೊಂದು ಹೆಣ ಸಿಕ್ಕಿತು. ರಾತ್ರಿ ಊರವರೂ ಪಾಟೀಲನೂ ಕೂಡಿ ರಾಜಿಯಾಗಿದ್ದರು. ಅವನು ಬಾಯಿ ಬಿಡಬಾರದು, ಇವರೂ ಬಿಡಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಂಗವ್ವನನ್ನು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ. ಪಾಟೀಲನ ಹೆಂಡತಿ, ಎಲ್ಲಿ ಹೋಗುತ್ತಾಳೆ?

"ಯಾರು ಹೊಡೆದಿರಿ ಇವನ್ನ?" ಎಂದು ಫೌಜದಾರರು ಕೇಳಿದರು.

"ನಾವು ಹೊಲದಾಗ ಇದ್ವಿರಿ," ಅಂದ ಶಾಂತಯ್ಯ. ಅವನ ಹಿಂದಿನವನೂ ಹಾಗೇ ಅಂದ. ಅವನ ಹಿಂದಿನವನೂ.

ಮೆಟ್ಟಿಲ ಕೆಳಗೆ ಎತ್ತಿನ ಗಾಡಿಯೊಂದು ಬಂದು ನಿಂತಿತು. ಖಾಜಾಸಾಬ ರಾತ್ರಿಯೇ ಹೇಳಿ ಕಳಿಸಿದ್ದರಿಂದ ಬೆಂಗೇರಿಯಿಂದ ಬಂದ ಮಾಶಾಬಿ, ಹುಡುಗನ ತಾಯಿ. ಅವಳು ಮಗನ ಮುಖದ ಮೇಲಿನ ಬಟ್ಟೆ ಸರಿಸಿದಳು. ಅದು ತನ್ನ ಮಗನೇ ಎಂದು ತಿಳಿಯಲು ಅವನ ಕಾಲ್ಬೆರಳು ನೋಡಬೇಕಾಯಿತು. ಅತ್ತು ಕರೆಯಲಿಲ್ಲ. ಸಾಲಾಗಿ ನಿಂತ ಗಂಡಸರನ್ನು ನೋಡಿ ಕೇಳಿದಳು.

"ಸಾಯೂ ಮುಂದ ನೀರರ ಕೊಟ್ರೇನ್ರಿ ನನ್ನ ಮಗಗ?"

ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ ಸಂಗವ್ವ ಎದ್ದಳು.

"ಕೊಟ್ಟಾರವ್ವಾ. ಖಾಜಾಸಾಬರ ಮನಿಯಿಂದ ನೀರ ಬಂತು. ಆ ಮನಿ ಏಟು ಬಿದ್ದಿಲ್ಲ." ಆಮೇಲೆ ಫೌಜದಾರರ ಕಡೆ ತಿರುಗಿದಳು. "ಉಳದ ಮನಿಗೋಳ ಹೆಸರ ನಾ ಹೇಳತೇನ್ರಿ ಸಾಹೇಬರ. ಓಣಿ ಹಿಡದು ಹೇಳತೇನಿ. ಒಂದೂ ಬಿಡಂಗಿಲ್ಲ."

"ಏ, ಹುಚ್ಚ ಹಿಡದೈತೇನ ನಿನಗ?" ಎಂದು ನೀಲಕಂಠಪ್ಪ ಮುಂದೆ ನುಗ್ಗಿದ. ಶಿಪಾಯಿ ಅವನ ಎದೆಗೆ ಕೈ ಅಡ್ಡ ಕೊಟ್ಟು ತಡೆದ.

ಹುಲಿಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಎರಡನೆಯ ಹೆಸರು ತನ್ನದು ಎಂದು ಅವಳಿಗೆ ಗೊತ್ತಿತ್ತು. ಆದರೂ ಅವಳು ಸಂಗವ್ವನನ್ನು ತಡೆಯಲಿಲ್ಲ.

"ಹೇಳಮ್ಮಾ," ಅಂದರು ಫೌಜದಾರರು.

"ಮೊದಲನೇ ಏಟು ಪಾಟೀಲರ ಮನಿದ್ರಿ," ಅಂದಳು ಸಂಗವ್ವ. "ಅದು ನನ್ನ ಮನಿ."