ಮೊಳೆಗೆ ಹಾಕಿದ ಅಂಗಿ

"ಈ ಶೀಟು ಮನೆ ಮೇಲೆ ಹತ್ತಿದ್ರೆ ನಾನು ಒಳಗೆ ಕಾಲಿಡಲ್ಲ!" ಸೊಸೆ ಕೂಗಿದಳು.

"ಇಡಬೇಡ. ಹೊರಗೇ ಒಲೆ ಹೂಡ್ಕೋ." ಮುದುಕ ಶೀಟನ್ನು ಕಾಲಿನಿಂದ ಅದುಮಿ ಹಿಡಿದು ಗರಗಸ ಎಳೆಯುತ್ತಲೇ ಇದ್ದ. "ಹೆಂಚು ಬೇಕಂತೆ ಹೆಂಚು! ಬೆಕ್ಕು ಓಡಾಡಿದ್ರೆ ಸಾಕು, ಸರಿಯುತ್ತೆ. ಆಮೇಲೆ ಗಂಡ ಹೆಂಡ್ತಿ ಮಲಗಿದಲ್ಲೇ ನಕ್ಷತ್ರ ಎಣಿಸ್ಕೊಂಡಿರಿ."

ಗೋಡೆ ಎದ್ದಿತ್ತು. ಬಾಗಿಲು, ಕಿಟಕಿ ಕೂತಿದ್ದವು. ಮೇಲೆ ಮಾತ್ರ ಬರೀ ಆಕಾಶ. ಪಕ್ಕದ ಗೋಡೆಗೆ ಒರಗಿಸಿದ್ದ ಸಿಮೆಂಟ್ ಶೀಟುಗಳು ಮುದುಕನ ಜೀವಮಾನದ ಗಳಿಕೆ. ಶೀಟಿನ ಕಾರ್ಖಾನೆಯಲ್ಲಿ ಅವನದು ಕತ್ತರಿಸುವ ಕೆಲಸ. ಅಂಚು ಮುಕ್ಕಾದ ಶೀಟುಗಳನ್ನು ಅಲ್ಲಿ ಕೆಲಸಗಾರರಿಗೆ ಪುಕ್ಕಟೆ ಕೊಡುತ್ತಿದ್ದರು. ಉಳಿದವರು ಮಾರಿ ಕುಡಿದರು. ಇವನು ಒಂದೊಂದನ್ನೇ ತಲೆ ಮೇಲೆ ಹೊತ್ತು ತಂದು, ಮಗನ ಮನೆಗೆಂದು ಕೂಡಿಟ್ಟ. ಬಾಡಿಗೆ ಮನೆ ಬದಲಿಸಿದಾಗಲೆಲ್ಲ ಪಾತ್ರೆಗಳಿಗಿಂತ ಮೊದಲು ಶೀಟುಗಳು ಗಾಡಿ ಹತ್ತುತ್ತಿದ್ದವು.

ಕೆಮ್ಮು ಬಂತು. ಗರಗಸ ನಿಂತಿತು. ಹುಬ್ಬು, ಅಂಗಿ ಎಲ್ಲ ಬೂದು ಪುಡಿ ಮೆತ್ತಿಕೊಂಡು, ಮುದುಕ ಗೋಡೆ ಹಿಡಿದು ಬಗ್ಗಿದ.

"ಸಾಕು ಬಿಡಪ್ಪ," ಎಂದ ಮಗ.

"ಬೀಡಿ ಬಿಡು ಅಂದೆ, ಬಿಟ್ಟೆ. ಈಗ ಶೀಟೂ ಬಿಡಬೇಕಾ?"

ಸೊಸೆ ಗಂಡನ ಕಡೆ ತಿರುಗಿದಳು. ತುಂಬು ಬಸುರಿ, ಏದುಸಿರು ಬಿಡುತ್ತಿದ್ದಳು. "ಏನ್ರೀ, ಬಾಯಿಗೆ ಬೀಗ ಹಾಕ್ಕೊಂಡಿದ್ದೀರಾ? ಡಾಕ್ಟರ್ ಏನಂದ್ರು ಅಂತ ನೀವು ಹೇಳ್ತೀರೋ, ನಾನು ಹೇಳ್ಲೋ?"

"ಸುಮ್ನಿರೇ!"

"ಯಾಕಿರ್ಲಿ? ಮಾವ, ನಿಮ್ಮ ಎದೆ ತಿಂದಿದ್ದು ಬೀಡಿಯಲ್ಲ, ಈ ಶೀಟಿನ ಪುಡಿ. ಅತ್ತೆನ ತಿಂದಿದ್ದೂ ಇದೇ."

ಮುದುಕ ನಕ್ಕುಬಿಟ್ಟ. "ಹುಚ್ಚಿ! ಅವಳು ಒಂದು ದಿನ ಕಾರ್ಖಾನೆ ಗೇಟು ದಾಟಿದವಳಲ್ಲ."

"ದಿನಾ ನಿಮ್ಮ ಅಂಗಿ ಕೊಡವ್ತಿದ್ದೋರು ಯಾರು?"

ನಗು ಮುಖದಲ್ಲೇ ಒಣಗಿತು. ಆಗೆಲ್ಲ ಪ್ರತಿ ಸಂಜೆ ಹೆಂಡತಿ ಅವನನ್ನು ಹೊಸಿಲಲ್ಲೇ ನಿಲ್ಲಿಸಿ ಅಂಗಿ ಬಿಚ್ಚಿಸುತ್ತಿದ್ದಳು. "ನಿಮ್ಮ ಕಾರ್ಖಾನೆ ಹೊರಗೇ ಇರ್ಲಿ, ಒಳಗೆ ಮಗು ಮಲಗಿದೆ," ಎಂದು ಅದನ್ನು ಗೋಡೆಗೆ ಪಟಪಟ ಬಡಿಯುತ್ತಿದ್ದಳು. ಹಾಸಿಗೆ ಹಿಡಿದಾಗ ಅವಳು ಕೆಮ್ಮಿದ್ದೂ ಹೀಗೆಯೇ, ಗೋಡೆ ಹಿಡಿದು, ಬಗ್ಗಿ.

"ನಿನಗೂ ಗೊತ್ತಿತ್ತೇನೋ?"

"ಹೂಂ," ಎಂದ ಮಗ.

"ಬೀಡಿ ಅಂದ್ಯಲ್ಲೋ."

"ನೀನು ನೊಂದ್ಕೊಳ್ತೀಯ ಅಂತ..."

ಮುದುಕ ಗರಗಸ ಕೆಳಗಿಟ್ಟ. ಬಾಗಿಲಾಚೆ ಹೋಗಿ ನಿಂತು ಒಂದೊಂದೇ ಗುಂಡಿ ಬಿಚ್ಚಿದ. ಪುಡಿ ಉದುರದ ಹಾಗೆ, ಮಲಗಿದ ಮಗುವಿನ ಮೈಯಿಂದ ತೆಗೆಯುವಂತೆ ಅಂಗಿ ತೆಗೆದು ಹೊರಗೋಡೆಯ ಮೊಳೆಗೆ ಹಾಕಿದ. ಬನಿಯನ್ನಿನಲ್ಲೇ ರಸ್ತೆಗಿಳಿದ.

"ಹಸಿವಾದ್ರೆ ಬರ್ತಾನೆ," ಎಂದ ಮಗ.

ಬರಲಿಲ್ಲ. ಬಸ್ ನಿಲ್ದಾಣ, ಆಸ್ಪತ್ರೆ, ಮುಚ್ಚಿಹೋದ ಕಾರ್ಖಾನೆಯ ಗೇಟು, ಎಲ್ಲ ಕಡೆ ಹುಡುಕಿದ್ದಾಯಿತು. ಅಷ್ಟರಲ್ಲಿ ಹೆಂಚಿನ ಲಾರಿ ಬಂತು. ಹೆಂಚು ಹೊದಿಸುವವನು ಏಣಿ ಒರಗಿಸಲು ಜಾಗ ಹುಡುಕಿ, "ಈ ಅಂಗಿ ಯಾರದು? ಕೊಡವಿ ಅತ್ಲಾಗಿಡ್ಲಾ?" ಎಂದ.

"ಮುಟ್ಟಬೇಡ!" ಮಗ ಕಿರುಚಿದ. ಆಮೇಲೆ ದನಿ ಇಳಿಸಿ, "ಏಣಿ ಆ ಕಡೆ ಹಾಕು," ಎಂದ.

ಮಧ್ಯಾಹ್ನ ಗಾಳಿ ಎದ್ದಿತು. ಅಂಗಿ ತಾನೇ ತಾನಾಗಿ ಗೋಡೆಗೆ ಪಟಪಟ ಬಡಿದುಕೊಳ್ಳತೊಡಗಿತು. ಸೊಸೆ ಮೂಗಿಗೆ ಸೆರಗು ಒತ್ತಿ ಹಿಡಿದು, ರಸ್ತೆಯ ಆಚೆ ಬದಿಯಲ್ಲೇ ನಿಂತಿದ್ದಳು.