ಮುಟ್ಟಿದ ಮಲ್ಲಿಗೆ

ತಡೀರಿ, ಇದನ್ನ ಪೂರ್ತಿ ಕೇಳಿಸಿಕೊಂಡು ಹೋಗಿ.

"ಲೇ ಜಂಬಿ, ನಿನ್ನ ಮಗಳ್ನ ಹೊರಗ ಎಳಿಯಲೇ! ಮುಟ್ಟಾದಾಕಿ ನೆಳ್ಳು ಬಿದ್ರ ಗಿಡ ಒಣಗ್ತಾವ!"

ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದ ನಾವೆಲ್ಲ ತಲೆ ಎತ್ತಿದೆವು. ಕೂಗಿದವನು ತೋಟದ ಯಜಮಾನ ಸೋಮಶೇಖರಗೌಡ. ಜಂಬಕ್ಕನ ಮಗಳು ಭೂಮಿಕಾ, ಇನ್ನೂ ಹನ್ನೊಂದರ ಹುಡುಗಿ, ಹೊಟ್ಟೆ ಹಿಡಿದು ಸಾಲಿನ ನಡುವೆ ಮುದುಡಿ ಬಿದ್ದಿದ್ದಳು.

"ಅಕಿ ಇನ್ನ ದೊಡ್ಡಾಕಿ ಆಗಿಲ್ರಿ ಗೌಡ್ರ. ಒಂದು ಹನಿ ರಕ್ತ ಇಲ್ಲ, ಬರೇ ವಾಂತಿ ಮಾಡಾಕತ್ಯಾಳ," ಅಂದಳು ಜಂಬಕ್ಕ.

"ಬಾಯಿ ಮುಚ್ಚಲೇ ರಂಡಿ! ಹೆಣ್ಣು ಹೊಟ್ಟಿ ಹಿಡ್ಕಂಡ್ರ ಮತ್ತೇನಿರ್ತತಿ?"

ಗೌಡ ಹುಡುಗಿಯನ್ನು ಗೊಬ್ಬರ ಇಡುವ ತಗಡಿನ ಶೆಡ್ಡಿಗೆ ಹಾಕಿಸಿದ. ಹೂವಿನ ಆಟೊ ಬಂತು. ದೊಡ್ಡಾಸ್ಪತ್ರೆ ಇರುವ ಹಡಗಲಿಗೆ ಬೆಳಿಗ್ಗೆ ಹೋಗುವ ಗಾಡಿ ಅದೊಂದೇ. ಜಂಬಕ್ಕ ಅಡ್ಡ ನಿಂತು ಕೈ ಮುಗಿದಳು.

"ದೇವ್ರಿಗೆ ಹೋಗೋ ಹೂವಿನ ಜೋಡಿ ಮುಟ್ಟಾದಾಕಿನ್ನ ಕುಂದ್ರಸ್ತಾರೇನು? ಸರೀಲೇ!"

ಬುಟ್ಟಿಗಳು ಹೋದವು. ಹುಡುಗಿ ಉಳಿದಳು.

"ಅವ್ವಾ... ಒಳಗ ಯಾರೋ ಹಿಂಡಾಕತ್ಯಾರ..."

ತಗಡಿನ ಹಿಂದಿನಿಂದ ಅದೇ ದನಿ. ನಾವು ಮೊಗ್ಗು ಬಿಡಿಸುತ್ತಲೇ ಇದ್ದೆವು. ಬಿಸಿಲೇರಿದ ಮೇಲೆ ದನಿ ನಿಂತಿತು. ನಿಂತದ್ದಕ್ಕೇ ಹೆಚ್ಚು ಭಯವಾಯಿತು.

ಮಧ್ಯಾಹ್ನ ಕುರಿ ಸಾಗಿಸುವ ಎರ್ರೆಪ್ಪನ ಟೆಂಪೊ ಆ ದಾರಿಗೆ ಬಂತು. ಅವನೇನೂ ಕೇಳಲಿಲ್ಲ, ಕುರಿಗಳನ್ನು ಒತ್ತರಿಸಿ ಜಾಗ ಮಾಡಿದ. ಭೂಮಿಕಾ ಕುರಿಗಳ ನಡುವೆ ಮಲಗಿ ದೊಡ್ಡಾಸ್ಪತ್ರೆ ಸೇರಿದಳು.

"ಅಂಡಾಶಯ ಬುಡದಲ್ಲೇ ತಿರುಚಿಕೊಂಡು ರಕ್ತ ಹರಿಯೋದು ನಿಂತಿತ್ತಮ್ಮ," ಅಂದರು ಆಪರೇಷನ್ ಮಾಡಿದ ವಾಣಿಶ್ರೀ ಡಾಕ್ಟರು. "ತಿರುವು ಬಿಡಿಸಿದೀನಿ. ಕಪ್ಪಾಗಿದೆ, ಆದ್ರೂ ತೆಗೆದಿಲ್ಲ. ಜೀವ ಮರಳಬಹುದು, ಸ್ಕ್ಯಾನ್ ಮಾಡಿ ನೋಡೋಣ. ಬೆಳಿಗ್ಗೇನೇ ಬಂದಿದ್ರೆ..."



ಮಗಳನ್ನು ಮನೆಗೆ ತಂದು ಜಂಬಕ್ಕ ಕೆಲಸಕ್ಕೆ ಬಂದಾಗ ಗೌಡ ನಕ್ಕ. "ಕರ್ರಗಾದದ್ದು ಕಿತ್ತು ಒಗಸಬೇಕಿತ್ತು. ಕೊಳತ ಮೊಗ್ಗು ಯಾರು ಮುಡೀತಾರಲೇ?"

ಜಂಬಕ್ಕ ಖಾಲಿ ಶೆಡ್ಡಿನ ಕಡೆ ಕಿವಿ ಕೊಟ್ಟು ನಿಂತಳು. ನನಗೂ ಆವತ್ತಿನ ದನಿ ಕೇಳಿಸಿದ ಹಾಗಾಯಿತು. ಒಳಗ ಯಾರೋ...

"ದುರ್ಗಾ, ನಾನಿವತ್ತು ಮುಟ್ಟಾಗೀನಿ," ಅಂದಳು ನನ್ನ ಕಿವಿಯಲ್ಲಿ. "ಯಾವ ಗಿಡ ಒಣಗ್ತತಿ ನೋಡೇ ಬಿಡಾನ."

ಒಂದೊಂದೇ ಗಿಡ ಸವರುತ್ತಾ ಹೋದಳು, ಜಡೆ ಹಾಕುವ ಮುಂಚೆ ಮಗಳ ತಲೆ ಸವರುವ ಹಾಗೆ. ಉಡಿ ತುಂಬ ಬಿಡಿಸಿದಳು. ತಂದು ದೇವರ ಬುಟ್ಟಿಗೇ ಸುರಿದಳು.

ಆಟೊ ಹಾರ್ನ್ ಹೊಡೆಯಿತು.

"ಏ ದುರ್ಗಿ, ಬುಟ್ಟಿ ಎತ್ತಿಡಲೇ!"

ಬುಟ್ಟಿ ನನ್ನ ಕೈಯಲ್ಲಿತ್ತು, ಗುಟ್ಟು ನಮ್ಮಿಬ್ಬರಲ್ಲೇ. ಬಿಳೀ ಮೊಗ್ಗು, ಒಂದೂ ಬಾಡಿರಲಿಲ್ಲ. ಜಂಬಕ್ಕ ನನ್ನನ್ನೇ ನೋಡುತ್ತಿದ್ದಳು.

ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?